ಟ್ರೇಲರ್ ಎಳೀತೀರಾ? ‘ಲೈಫ್‌ಟೈಮ್ ಆಯಿಲ್’ ಅನ್ನೋ ಮಾತು ನಂಬಬೇಡಿ

ಗಾಡಿಯ ಹಿಂದೆ ಟ್ರಾವೆಲ್ ಟ್ರೇಲರ್ (ಎಳೆದೊಯ್ಯುವ ಚಕ್ರದ ಮನೆ) ಕಟ್ಟಿಕೊಂಡು ಊರೂರು ಸುತ್ತುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಘಾಟಿಯ ಮಧ್ಯೆ ಕೈಕೊಟ್ಟಿತು. ರಿಪೇರಿಗೂ ಬರಲಿಲ್ಲ, ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕಾಯಿತು. ಗಾಡಿ ಹಳೆಯದೇನಲ್ಲ. ಟ್ರೇಲರ್ ತೂಕವೂ ಕಂಪನಿ ಹೇಳಿದ ಮಿತಿಯ ಒಳಗೇ ಇತ್ತು. ಎಲ್ಲ ಸರಿಯಿದ್ದೂ ಹೀಗಾಗಬಹುದು ಅನ್ನುವುದು ನಿಮಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ಗಾಡಿಯನ್ನು ಸರ್ವೀಸಿಗೆ ಬಿಟ್ಟಿದ್ದೆವು. ಟ್ರೇಲರ್ ಎಳೆಯುತ್ತೇವೆ, ಗೇರ್‌ಬಾಕ್ಸ್ ಆಯಿಲ್ ಬದಲಿಸಿ ಅಂತ ಬಾಯಿಬಿಟ್ಟು ಕೇಳಿದೆ. ‘ಇದು ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ’ ಅಂದರು. ಆ ಆಯಿಲ್ ತಣ್ಣಗಾಗಿಸೋಕೆ ಬೇರೆ ಕೂಲರ್ ಹಾಕಿಸಬೇಕಾ ಅಂದರೆ, ‘ಕಂಪನಿಯವರೇ ಎಲ್ಲಾ ಯೋಚನೆ ಮಾಡಿರ್ತಾರೆ ಬಿಡಿ’ ಅಂದರು. ಈ ಎರಡು ಮಾತು ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ.

ಘಾಟಿ ಉದ್ದಕ್ಕಿತ್ತು. ಮುಂದೆ ನಿಧಾನಕ್ಕೆ ಹೋಗುವ ಲಾರಿಗಳು. ಗೇರ್ ಮೇಲಕ್ಕೆ ಹೋಗುತ್ತೆ, ಎಳೆಯಲಾಗದೆ ಕೆಳಗಿಳಿಯುತ್ತೆ, ಮತ್ತೆ ಮೇಲಕ್ಕೆ. ಇಂಜಿನ್ ಟೆಂಪರೇಚರ್ ಮುಳ್ಳು ಮಾತ್ರ ನಡುವೆಯೇ ಇತ್ತು, ಒಂದಿಷ್ಟೂ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಆಮೇಲೆ ಆಕ್ಸಲರೇಟರ್ ತುಳಿದರೆ ಇಂಜಿನ್ ಸದ್ದು ಏರುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಎಚ್ಚರಿಕೆಯ ದೀಪ ಹತ್ತಿದ್ದು ಅದಾದ ಮೇಲೆ. ಅಷ್ಟರಲ್ಲಿ ಕೆಲಸ ಕೆಟ್ಟಿತ್ತು.

ಗಾಡಿಯನ್ನು ಎಳೆಸಿಕೊಂಡು ಹೋದ ಕಡೆ ಮೆಕ್ಯಾನಿಕ್ ಗೇರ್‌ಬಾಕ್ಸಿನ ತಳದ ಪ್ಯಾನ್ ಬಿಚ್ಚಿ ತೋರಿಸಿದರು. ಕೆಂಪಗಿರಬೇಕಾದ ಆಯಿಲ್ ಕಪ್ಪಗಾಗಿತ್ತು. ಒಂದು ಹನಿಯನ್ನು ಬಿಳಿ ಪೇಪರ್ ಮೇಲೆ ಹಾಕಿದರು. ಸುತ್ತ ಕಂದು ಕಲೆ ಹರಡಿತು, ನಡುವೆ ಕಪ್ಪು ಪುಡಿ ಉಳಿಯಿತು. ಅದು ಗೇರ್‌ಬಾಕ್ಸಿನೊಳಗೆ ಗೇರನ್ನು ಹಿಡಿದಿಡುವ ಕ್ಲಚ್ ಪ್ಲೇಟಿನ ಪುಡಿ. ಪ್ಯಾನಿನೊಳಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ತೆಳು ಲೇಪ ಅಂಟಿದ್ದರೆ ಭಯವಿಲ್ಲವಂತೆ, ಅದು ಮಾಮೂಲಿ ಸವೆತ. ನಮ್ಮದರಲ್ಲಿ ಕೈಗೆ ಚುಚ್ಚುವಂಥ ಲೋಹದ ಚೂರುಗಳೇ ಇದ್ದವು.

ಇದಕ್ಕೆಲ್ಲ ಕಾರಣ ಶಾಖ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನ್‌ಗಳಲ್ಲಿ ಒಂದರ ಗಾಳಿಗೆ ಇನ್ನೊಂದು ತಿರುಗುವ ಹಾಗೆ, ಇಲ್ಲಿ ಆಯಿಲ್ ಮೂಲಕ ಶಕ್ತಿ ದಾಟುತ್ತದೆ. ಎರಡೂ ಕಡೆಯ ವೇಗದಲ್ಲಿ ವ್ಯತ್ಯಾಸ ಇದ್ದಷ್ಟೂ ಆಯಿಲ್ ಕಾಯುತ್ತದೆ. ಸಮ ರಸ್ತೆಯಲ್ಲಿ ಒಳಗಿನ ಲಾಕಪ್ ಕ್ಲಚ್ ಎರಡನ್ನೂ ಹಿಡಿದು ಒಂದು ಮಾಡುತ್ತದೆ, ಶಾಖ ಕಡಿಮೆಯಾಗುತ್ತದೆ. ಏರಿನಲ್ಲಿ, ಭಾರ ಎಳೆಯುವಾಗ, ನಿಧಾನಕ್ಕೆ ಹೋಗುವಾಗ ಆ ಲಾಕ್ ಬಿಟ್ಟುಬಿಡುತ್ತದೆ. ಪದೇಪದೇ ಗೇರ್ ಬದಲಾದರಂತೂ ಹಿಡಿಯುವುದು, ಬಿಡುವುದು ಇದೇ ಆಗುತ್ತೆ.

ಗೇರ್‌ಬಾಕ್ಸ್ ಆಯಿಲ್ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರಾಮಾಗಿರುತ್ತದೆ. ಗಾಡಿಯಿಂದ ಗಾಡಿಗೆ ಇದು ಸ್ವಲ್ಪ ಹೆಚ್ಚುಕಮ್ಮಿ. 80 ದಾಟಿದ ಮೇಲೆ ಪ್ರತಿ 11 ಡಿಗ್ರಿ ಏರಿದಾಗ ಆಯಿಲ್ ಆಯಸ್ಸು ಅರ್ಧಕ್ಕರ್ಧ ಇಳಿಯುತ್ತದೆ ಅನ್ನುವುದು ಮೆಕ್ಯಾನಿಕ್‌ಗಳು ಬಳಸುವ ಲೆಕ್ಕ. 115ರ ಹತ್ತಿರ ಆಯಿಲ್ ಅಂಟಂಟಾಗಿ ಒಳಗೆ ಕಟ್ಟಿಕೊಳ್ಳೋಕೆ ಶುರು, 125 ದಾಟಿದರೆ ರಬ್ಬರ್ ಸೀಲ್‌ಗಳು ಗಟ್ಟಿಯಾಗುತ್ತವೆ. 145ರಲ್ಲಿ ಕ್ಲಚ್ ಪ್ಲೇಟ್‌ಗಳು ಜಾರುತ್ತವೆ, ಸುಡುತ್ತವೆ. ಇದು ಯಾವುದೂ ಇಂಜಿನ್ ಮುಳ್ಳಿನಲ್ಲಿ ಕಾಣಲ್ಲ. ಅದು ತೋರಿಸುವುದು ರೇಡಿಯೇಟರ್ ನೀರಿನ ಬಿಸಿ ಅಷ್ಟೇ.

ಹಾಗಾಗಿ ಮೊದಲು ಗೇರ್‌ಬಾಕ್ಸ್ ಆಯಿಲ್ ಬಿಸಿ ಕಣ್ಣಿಗೆ ಕಾಣುವ ಹಾಗೆ ಮಾಡಿಕೊಳ್ಳಿ. ಕೆಲವು ಗಾಡಿಗಳ ಡಿಸ್‌ಪ್ಲೇಯಲ್ಲೇ ಅದು ಸಿಗುತ್ತೆ, ಹುಡುಕಿ. ಇಲ್ಲದಿದ್ದರೆ ಓಬಿಡಿ ಪೋರ್ಟಿಗೆ (ಮೆಕ್ಯಾನಿಕ್‌ಗಳು ಗಾಡಿಯ ದೋಷ ಪರೀಕ್ಷಿಸಲು ಬಳಸುವ ಸಾಕೆಟ್) ಚುಚ್ಚುವ ಸಣ್ಣ ಬ್ಲೂಟೂತ್ ಸಾಧನ ಹಾಕಿ ಫೋನಿನಲ್ಲಿ ನೋಡಬಹುದು, ನಿಮ್ಮ ಗಾಡಿಗೆ ಆ ಅಂಕಿ ಬರುತ್ತದಾ ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಆಮೇಲೆ ರೇಡಿಯೇಟರ್ ಮುಂದೆ ಬೇರೆಯಾಗಿ ಕೂರಿಸುವ ಗೇರ್‌ಬಾಕ್ಸ್ ಕೂಲರ್. ನನ್ನ ಪ್ರಕಾರ ಟ್ರೇಲರ್ ಎಳೆಯುವ ಗಾಡಿಗೆ ಇದು ಇರಲೇಬೇಕು, ಕಂಪನಿಯೇ ಕೊಟ್ಟಿದ್ದರೆ ಸರಿ.

ಭಾರ ಎಳೆಯುವಾಗ ಬಳಸಲೆಂದೇ ಕೊಟ್ಟ ಟೋ ಮೋಡ್ ಬಟನ್ ಇದ್ದರೆ ಹಾಕಿ. ಸುಮ್ಸುಮ್ನೆ ಮೇಲಿನ ಗೇರಿಗೆ ಹೋಗುವುದನ್ನು ಅದು ತಡೆಯುತ್ತೆ. ಇಲ್ಲದಿದ್ದರೆ ಏರು ಶುರುವಾಗುವ ಮುಂಚೆಯೇ ಕೈಯಿಂದ ಕೆಳಗಿನ ಗೇರಿಗೆ ಇಳಿಸಿ ಅಲ್ಲೇ ಬಿಡಿ. ಇಂಜಿನ್ ಸದ್ದು ಜಾಸ್ತಿಯಾಯ್ತು ಅಂತ ಗಾಬರಿ ಬೇಡ. ವೇಗವನ್ನೂ ಕಡಿಮೆ ಮಾಡಿ. ಟ್ರೇಲರ್ ಮುಂಭಾಗ ಅಗಲ ಗೋಡೆ ಅಲ್ವಾ, 80ರಿಂದ 100 ಕಿಲೋಮೀಟರಿಗೆ ಏರಿದರೆ ಗಾಳಿ ತಳ್ಳಲು ಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ತೂಕ ಮಿತಿಯೊಳಗಿದ್ದರೂ ಗೇರ್‌ಬಾಕ್ಸ್ ಒದ್ದಾಡುವುದು ಇದಕ್ಕೇ.

ಬಿಸಿ ಏರುತ್ತಲೇ ಹೋದರೆ ಮೇಲೆ ತಲುಪಿ ನಿಲ್ಲಿಸೋಣ ಅನ್ನಬೇಡಿ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡೆ ಕೊಡಿ. ಇಂಜಿನ್ ಆಫ್ ಮಾಡಬೇಡಿ. ನ್ಯೂಟ್ರಲ್‌ನಲ್ಲಿ ಸಾವಿರ, ಸಾವಿರದಿನ್ನೂರು ಆರ್‌ಪಿಎಂಗೆ ಓಡುತ್ತಿರಲಿ. ಇಂಜಿನ್ ತಿರುಗಿದರೆ ತಾನೇ ಪಂಪ್ ಓಡಿ ಆಯಿಲ್ ಕೂಲರಿಗೆ ಹೋಗುವುದು. ಆಯಿಲ್ ಸೋರುತ್ತಿದ್ದರೆ, ಹೊಗೆ ಬರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ ಎಲ್ಲರೂ ಇಳಿದು ದೂರ ಹೋಗಿ.

ಇನ್ನು ಆ ‘ಲೈಫ್‌ಟೈಮ್’ ವಿಷಯ. ಗಾಡಿಯ ಮ್ಯಾನುಯಲ್ ತೆಗೆದು ನೋಡಿ. ಕಠಿಣ ಬಳಕೆ ಅಂತ ಸಾಮಾನ್ಯವಾಗಿ ಬೇರೆಯೇ ಸರ್ವೀಸ್ ಪಟ್ಟಿ ಇರುತ್ತದೆ, ಟ್ರೇಲರ್ ಎಳೆಯುವುದು ಅದರೊಳಗೇ ಬರುತ್ತದೆ. ಆ ಪುಟವನ್ನು ಸರ್ವೀಸಿನವರ ಮುಂದಿಡಿ. ಆಗಲೂ ಬೇಡ ಅಂದರೆ, ‘ಗ್ರಾಹಕರು ಕೇಳಿದರು, ನಾವು ಬದಲಿಸಲಿಲ್ಲ’ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಮ್ಮ ಬಳಿ ಬರೀ ಬಾಯಿಮಾತಿತ್ತು, ಆಮೇಲೆ ಅವರು ಹಾಗೆ ಹೇಳಿಯೇ ಇಲ್ಲ ಅಂದರು. ಆಯಿಲ್ ಬದಲಿಸಲು ಒಪ್ಪಿದರೂ ಒಂದು ಸಲ ಇಳಿಸಿ ತುಂಬಿದರೆ ಪೂರ್ತಿ ಹೊಸದಾಗುವುದಿಲ್ಲ, ಟಾರ್ಕ್ ಕನ್ವರ್ಟರ್ ಒಳಗೆ ಹಳೆಯದು ಉಳಿದಿರುತ್ತದೆ ಅನ್ನುವುದು ನೆನಪಿರಲಿ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡುತ್ತಿದ್ದರೆ ಹಿಂದೆ ಟ್ರೇಲರ್ ಹುಕ್ ಇದೆಯಾ, ಇದ್ದರೆ ಅದು ಎಷ್ಟು ಸವೆದಿದೆ ಅಂತ ಬಗ್ಗಿ ನೋಡಿ. ಸವೆದಿದ್ದರೆ ಗೇರ್‌ಬಾಕ್ಸ್ ಆಯಿಲ್ ತೆಗೆಸಿ ಬಣ್ಣ, ವಾಸನೆ ನೋಡದೆ ಅಡ್ವಾನ್ಸ್ ಕೊಡಬೇಡಿ.