ಐವರ್ಮೆಕ್ಟಿನ್ ಮಾತ್ರೆ: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ

ಮೆಡಿಕಲ್ ಶಾಪಿನಲ್ಲಿ 3, 6, 12 ಮಿಲಿಗ್ರಾಂ ಸ್ಟ್ರಿಪ್ಪುಗಳಲ್ಲಿ ಸಿಗುವ ಐವರ್ಮೆಕ್ಟಿನ್ ಬಗ್ಗೆ ಎರಡು ಥರದ ಮಾತು ಕೇಳಿಬರುತ್ತದೆ. ಕಜ್ಜಿ ಒಂದೇ ಡೋಸಿಗೆ ಹೋಯಿತು ಅನ್ನುವವರು ಕೆಲವರು, ನುಂಗಿ ಏನೂ ಪ್ರಯೋಜನ ಆಗಲಿಲ್ಲ ಅನ್ನುವವರು ಹಲವರು. ದೋಷ ಮಾತ್ರೆಯದಲ್ಲ. ಇದು ಹುಳುವಿನ ಯಾವ ಹಂತವನ್ನು ಕೊಲ್ಲುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂದು ಗೊತ್ತಿದ್ದು ಕೊಟ್ಟರೆ ಇಷ್ಟು ಅಗ್ಗದ, ಇಷ್ಟು ಸುರಕ್ಷಿತ ಪರೋಪಜೀವಿ ನಾಶಕ ಇನ್ನೊಂದು ಸಿಗುವುದು ಕಷ್ಟ. ಐದಕ್ಕೆ ನಾಲ್ಕೂವರೆ ಅಂಕ ಧಾರಾಳವಾಗಿ ಕೊಡಬಹುದು. ಆ ಅರ್ಧ ಅಂಕ ಯಾಕೆ ಕಡಿಮೆ ಅನ್ನುವುದು ಮುಂದೆ ಬರುತ್ತದೆ.

ಮೊದಲು ಇದರ ಮೂಲ. ಜಪಾನಿನ ಕಿಟಸಾಟೊ ಸಂಸ್ಥೆಯ ಸತೋಶಿ ಓಮುರಾ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅವುಗಳಲ್ಲಿ ವಿಶೇಷವಾಗಿ ಕಂಡ ಸುಮಾರು 50 ತಳಿಗಳನ್ನು ಆರಿಸಿ ಅಮೆರಿಕದ ಮರ್ಕ್ ಕಂಪನಿಯ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ತಂಡ ಆ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು, ಕರುಳಿನಲ್ಲಿ ಜಂತುಹುಳು ಇದ್ದ ಇಲಿಗಳ ಆಹಾರಕ್ಕೆ ಬೆರೆಸಿ ತಿನ್ನಿಸಿತು. ಈ ವಿಧಾನವೇ ಇಡೀ ಸಂಶೋಧನೆಯ ಜೀವಾಳ. ಗಾಜಿನ ತಟ್ಟೆಯಲ್ಲಿ ಹುಳುವಿನ ಮೇಲೆ ದ್ರವ ಸುರಿದು ನೋಡಿದರೆ ಅದು ಸತ್ತಿತೋ ಇಲ್ಲವೋ ಅಷ್ಟೇ ತಿಳಿಯುತ್ತದೆ. ಜೀವಂತ ಪ್ರಾಣಿಗೆ ತಿನ್ನಿಸಿದಾಗ ಔಷಧ ಹೊಟ್ಟೆಯಲ್ಲಿ ಉಳಿಯಿತೇ, ಹುಳು ಸತ್ತಿತೇ, ಇಲಿ ಬದುಕಿತೇ ಎಂಬ ಮೂರೂ ಪ್ರಶ್ನೆಗೆ ಒಟ್ಟಿಗೇ ಉತ್ತರ ಸಿಗುತ್ತದೆ. ಇಟೊ ಪಟ್ಟಣದ ಕವಾನಾದಲ್ಲಿ, ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ತೆಗೆದಿದ್ದ ಒಂದು ತಳಿ ಗೆದ್ದಿತು. ಅದರಿಂದ ಸಿಕ್ಕಿದ್ದು ಅವರ್ಮೆಕ್ಟಿನ್. ಅದರ ಅಣುವಿನಲ್ಲಿ ಒಂದು ಜೋಡಿಬಂಧಕ್ಕೆ ಜಲಜನಕ ಸೇರಿಸಿದಾಗ ಸುರಕ್ಷತೆ ಇನ್ನೂ ಹೆಚ್ಚಿತು, ಅದೇ ಐವರ್ಮೆಕ್ಟಿನ್. 1981ರಲ್ಲಿ ಜಾನುವಾರು ಔಷಧಿಯಾಗಿ ಮಾರುಕಟ್ಟೆಗೆ ಬಂತು. ಆಫ್ರಿಕಾದ ನದಿಕುರುಡು ರೋಗಕ್ಕೆ (ನೊಣ ಕಚ್ಚಿ ಹರಡುವ, ಕಣ್ಣು ಕಳೆಯುವ ಹುಳುರೋಗ) ಇದು ಫಲಕಾರಿ ಎಂದು ಖಚಿತವಾದ ಮೇಲೆ, 1987ರಲ್ಲಿ ಮರ್ಕ್ ಆ ರೋಗಕ್ಕಾಗಿ ಅಗತ್ಯ ಇರುವಷ್ಟು ಕಾಲ ಉಚಿತವಾಗಿ ಕೊಡುವುದಾಗಿ ಘೋಷಿಸಿತು. 2015ರ ವೈದ್ಯಕೀಯ ನೊಬೆಲ್‌ನ ಅರ್ಧ ಇವರಿಬ್ಬರಿಗೆ ಬಂತು. ಉಳಿದರ್ಧ ಮಲೇರಿಯಾದ ಆರ್ಟೆಮಿಸಿನಿನ್ ಕಂಡುಹಿಡಿದ ಟು ಯುಯುಗೆ.

ಕೆಲಸ ಮಾಡುವ ಬಗೆ ಸರಳ. ಹುಳುಗಳ ನರ ಮತ್ತು ಸ್ನಾಯುಗಳಲ್ಲಿ ಗ್ಲುಟಮೇಟ್‌ಗೆ ತೆರೆಯುವ ಕ್ಲೋರೈಡ್ ದ್ವಾರಗಳಿವೆ. ಔಷಧ ಅವನ್ನು ತೆರೆದೇ ಇಡುತ್ತದೆ, ಹುಳು ಲಕ್ವ ಹೊಡೆದಂತೆ ನಿಶ್ಚಲವಾಗುತ್ತದೆ. ಮನುಷ್ಯನಲ್ಲಿ ಆ ಬಗೆಯ ದ್ವಾರಗಳಿಲ್ಲ. ಹೋಲುವಂಥವು ಮಿದುಳಿನಲ್ಲಿದ್ದರೂ, ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪು ಔಷಧವನ್ನು ಒಳಗೆ ಬಿಡದೆ ಹೊರದಬ್ಬುತ್ತದೆ. ಕೋಲಿ ಜಾತಿಯ ಎಷ್ಟೋ ನಾಯಿಗಳಲ್ಲಿ ಈ ಪಂಪು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅವಕ್ಕೆ ಉಳಿದ ನಾಯಿಗಳಿಗೆ ಕೊಡುವ ದೊಡ್ಡ ಡೋಸ್ ಕೊಟ್ಟರೆ ಪ್ರಾಣಕ್ಕೇ ಕುತ್ತು.

ಡೋಸ್ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಕಜ್ಜಿಗೂ, ಕರುಳಿನ ಸ್ಟ್ರಾಂಜಿಲಾಯ್ಡಿಸ್ ಹುಳುವಿಗೂ ಕೆ.ಜಿ. ತೂಕಕ್ಕೆ 200 ಮೈಕ್ರೋಗ್ರಾಂ. ಅಂದರೆ 30 ಕೆ.ಜಿ.ಗೆ 6 ಮಿಲಿಗ್ರಾಂ, 45ಕ್ಕೆ 9, 60ಕ್ಕೆ 12. ಎಂಬತ್ತು ಕೆ.ಜಿ. ಆಳಿಗೆ 12ರ ಒಂದೇ ಮಾತ್ರೆ ಕೊಟ್ಟು ಕಳಿಸಿದರೆ ಕಾಲು ಭಾಗ ಔಷಧ ಕೊಟ್ಟೇ ಇಲ್ಲ ಎಂದಾಯಿತು. ಕರುಳಿನ ಹುಳುವಿಗೆ ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು ಎರಡೂವರೆ ಪಟ್ಟಾಗುತ್ತದೆ. ಕಜ್ಜಿಗೆ ಔಷಧ ಚರ್ಮಕ್ಕೆ ತಲುಪಬೇಕಾದ್ದರಿಂದ ಎಷ್ಟೋ ಚರ್ಮವೈದ್ಯರು ಊಟದ ನಂತರವೇ ಹೇಳುತ್ತಾರೆ.

ಈಗ ಕಜ್ಜಿಯ ವಿಷಯ. ನಮ್ಮಲ್ಲಿ ಈ ಮಾತ್ರೆ ಹೆಸರು ಮಾಡಿದ್ದೂ ಹೆಸರು ಕೆಡಿಸಿಕೊಂಡಿದ್ದೂ ಇಲ್ಲೇ. ಐವರ್ಮೆಕ್ಟಿನ್ ಓಡಾಡುವ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ಕಾಣುವ ಆ ಬೂದುಬಣ್ಣದ ಸಣ್ಣ ಗೆರೆಯೇ ಹೆಣ್ಣು ಹುಳು ಕೊರೆದ ಸುರಂಗ. ಅದರೊಳಗೆ ಮೊಟ್ಟೆ ಸಾಲಾಗಿರುತ್ತದೆ. ಮೊದಲ ಡೋಸ್ ಮೈಯಿಂದ ಹೋದ ಮೇಲೆ ಆ ಮೊಟ್ಟೆಗಳು ಒಡೆಯುತ್ತವೆ. ಅದಕ್ಕೇ 7ರಿಂದ 14 ದಿನದೊಳಗೆ ಎರಡನೇ ಡೋಸ್ ಕಡ್ಡಾಯ. ಒಂದೇ ಡೋಸಿಗೆ ನಿಲ್ಲಿಸಿದವರಿಗೆ ಮೂರ್ನಾಲ್ಕು ವಾರದಲ್ಲಿ ಮತ್ತೆ ಶುರುವಾಗುವುದು ಈ ಕಾರಣಕ್ಕೆ.

ಎರಡನೇ ಸೋಲು ಮನೆಯೊಳಗಿನದು. ಕೆರೆತ ಇರಲಿ, ಇಲ್ಲದಿರಲಿ, ಒಂದೇ ಸೂರಿನಡಿ ಇರುವ ಎಲ್ಲರೂ ಅದೇ ದಿನ ಚಿಕಿತ್ಸೆ ತೆಗೆದುಕೊಳ್ಳಬೇಕು. ಮೊದಲ ಸಲ ಕಜ್ಜಿ ತಗುಲಿದವರಿಗೆ ಕೆರೆತ ಶುರುವಾಗಲು ಹಲವು ವಾರ ಹಿಡಿಯುತ್ತದೆ. ಅಷ್ಟರೊಳಗೆ ಅವರು ಹಂಚಿಯಾಗಿರುತ್ತದೆ. 15 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೂ ಗರ್ಭಿಣಿಯರಿಗೂ ಮಾತ್ರೆ ಬೇಡ, ಶೇ. 5ರ ಪರ್ಮೆಥ್ರಿನ್ ಕ್ರೀಮ್ ಸಾಕು. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಅಡಿ, ಹೊಕ್ಕುಳು ಬಿಡದೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಬೇಕು. ತೀರಾ ಸಣ್ಣ ಮಕ್ಕಳಿಗೆ ತಲೆಗೂ ಹಚ್ಚಬೇಕಾಗುತ್ತದೆ. ಅದನ್ನು ವೈದ್ಯರನ್ನು ಕೇಳಿಯೇ ಮಾಡಿ. ಹಾಸಿಗೆ ಹೊದಿಕೆ, ಟವೆಲ್ಲು, ಹಿಂದಿನ ಮೂರು ದಿನ ತೊಟ್ಟ ಬಟ್ಟೆ ಬಿಸಿನೀರಿಗೆ ಹೋಗಲಿ. ಒಗೆಯಲಾಗದ ಕಂಬಳಿ, ದಿಂಬುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಇಟ್ಟರೆ ಹುಳು ತಾನಾಗಿ ಸಾಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ, ಕೆರೆತ ನಿಲ್ಲದಿದ್ದರೆ ಔಷಧ ಸೋತಿತು ಅನ್ನುವುದು. ಹುಳು ಸತ್ತ ಮೇಲೂ ಎರಡರಿಂದ ನಾಲ್ಕು ವಾರ ಕೆರೆತ ಇರುತ್ತದೆ. ಚರ್ಮದೊಳಗೆ ಉಳಿದ ಸತ್ತ ಹುಳು ಮತ್ತು ಹಿಕ್ಕೆಗೆ ದೇಹ ತೋರುವ ಅಲರ್ಜಿ ಅದು. ಇದನ್ನು ಸೋಲು ಎಂದುಕೊಂಡು ಮೂರನೆಯ, ನಾಲ್ಕನೆಯ ಡೋಸ್ ನುಂಗುವುದು ವ್ಯರ್ಥ. ಹೊಸ ಗೆರೆ, ಹೊಸ ಗುಳ್ಳೆ ಏಳುತ್ತಿದ್ದರೆ ಮಾತ್ರ ಮತ್ತೆ ವೈದ್ಯರ ಬಳಿ ಹೋಗಬೇಕು.

ಆನೆಕಾಲು ರೋಗದ ಸಾಮೂಹಿಕ ಔಷಧ ಸೇವನೆಯಲ್ಲಿ ಐವರ್ಮೆಕ್ಟಿನ್‌ನ ನಿಜವಾದ ತಾಕತ್ತು ಕಾಣುತ್ತದೆ. ಇಲ್ಲೂ ಅದರ ಮಿತಿ ಅದೇ: ರಕ್ತದಲ್ಲಿ ಓಡಾಡುವ ಮರಿಹುಳುಗಳನ್ನು ತೆಗೆಯುತ್ತದೆ, ದುಗ್ಧನಾಳದಲ್ಲಿ ಕುಳಿತ ದೊಡ್ಡ ಹುಳುವನ್ನು ಒಂಟಿಯಾಗಿ ಕೊಲ್ಲಲಾರದು. ಆನೆಕಾಲಿನ ಹಳೆಯ ಮದ್ದು ಡಿಇಸಿ (ಡೈಈಥೈಲ್‌ಕಾರ್ಬಮಜೀನ್) ಮತ್ತು ಜಂತುಹುಳುವಿನ ಮಾತ್ರೆ ಆಲ್ಬೆಂಡಜೋಲ್ ಜೊತೆ ಸೇರಿಸಿದಾಗ ಚಿತ್ರವೇ ಬದಲಾಯಿತು. ಪಪುವಾ ನ್ಯೂಗಿನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರೂ ಔಷಧ ಒಮ್ಮೆ ನುಂಗಿದವರಲ್ಲಿ ವರ್ಷದ ನಂತರ ಶೇ. 96 ಜನರ ರಕ್ತದಲ್ಲಿ ಮರಿಹುಳು ಇರಲಿಲ್ಲ. ಐವರ್ಮೆಕ್ಟಿನ್ ಬಿಟ್ಟು ಉಳಿದೆರಡೇ ಔಷಧ ನುಂಗಿದವರಲ್ಲಿ ಅದು ಶೇ. 32 ಮಾತ್ರ. ಐದು ದೇಶಗಳಲ್ಲಿ 26 ಸಾವಿರಕ್ಕೂ ಹೆಚ್ಚು ಜನರ ಮೇಲೆ ಸುರಕ್ಷತೆ ಪರೀಕ್ಷಿಸಿದಾಗ ಭಾರತದಲ್ಲಿ ಆಯ್ದುಕೊಂಡದ್ದು ನಮ್ಮ ಯಾದಗಿರಿ ಜಿಲ್ಲೆಯನ್ನು. ಈ ಔಷಧದ ಇತಿಹಾಸದಲ್ಲಿ ಯಾದಗಿರಿಯ ಹಳ್ಳಿಗಳ ಜನಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಈ ಸಾಮೂಹಿಕ ಸೇವನೆಯಲ್ಲಿ ಡೋಸಿಗೆ ತೂಕದ ಯಂತ್ರ ಬೇಡ, ಎತ್ತರದ ಕೋಲು ಸಾಕು. 90ರಿಂದ 119 ಸೆಂ.ಮೀ.ಗೆ 3 ಮಿಲಿಗ್ರಾಂನ ಒಂದು, 120ರಿಂದ 140ಕ್ಕೆ ಎರಡು, 141ರಿಂದ 158ಕ್ಕೆ ಮೂರು, 159 ಮೇಲ್ಪಟ್ಟರೆ ನಾಲ್ಕು. ಜೊತೆಗೆ ವಯಸ್ಕರಿಗೆ 100 ಮಿಲಿಗ್ರಾಂನ ಮೂರು ಡಿಇಸಿ, ಜಗಿದು ತಿನ್ನುವ 400 ಮಿಲಿಗ್ರಾಂನ ಒಂದು ಆಲ್ಬೆಂಡಜೋಲ್. ಎತ್ತರದ ಆಳಿನ ಅಂಗೈಗೆ ಒಟ್ಟು ಎಂಟು ಮಾತ್ರೆ ಬೀಳುತ್ತವೆ. ಅಷ್ಟನ್ನು ಕಂಡೊಡನೆ ‘ಆಮೇಲೆ ತಗೋತೀನಿ ಅಕ್ಕಾ’ ಎಂದು ಎತ್ತಿಡುವುದೇ ಈ ಕಾರ್ಯಕ್ರಮಕ್ಕೆ ಬೀಳುವ ದೊಡ್ಡ ಪೆಟ್ಟು. ಊಟ ಮಾಡಿ, ಆಶಾ ಕಾರ್ಯಕರ್ತೆಯ ಎದುರೇ ನುಂಗಬೇಕು. ಆಮೇಲೆ ಕೆಲವರಿಗೆ ಜ್ವರ, ತಲೆನೋವು, ತಲೆಸುತ್ತು ಬರುತ್ತದೆ. ಅದು ಬಹುಪಾಲು ರಕ್ತದಲ್ಲಿದ್ದ ಮರಿಹುಳುಗಳು ಸಾಯುವುದರಿಂದ. ಪ್ಯಾರಸಿಟಮಾಲ್‌ಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರು ಇದರಿಂದ ಹೊರಗೆ. ಐದು ವರ್ಷದೊಳಗಿನವರಿಗೆ ಐವರ್ಮೆಕ್ಟಿನ್ ಬಿಟ್ಟು ಉಳಿದೆರಡು.

ಇನ್ನು ಆ ಅರ್ಧ ಅಂಕ. ದೊಡ್ಡ ಹುಳು ಮತ್ತು ಮೊಟ್ಟೆ ಉಳಿಸುವುದು ಒಂದು. ಕೊಕ್ಕೆಹುಳುವಿನ ಮೇಲೆ ಪರಿಣಾಮ ತೀರಾ ಕಡಿಮೆ, ಅಲ್ಲಿ ಆಲ್ಬೆಂಡಜೋಲೇ ಸರಿ. ಮಧ್ಯ ಆಫ್ರಿಕಾದ ಲೋವಾ ಹುಳು ರಕ್ತದಲ್ಲಿ ವಿಪರೀತ ಇರುವವರಿಗೆ ಕೊಟ್ಟರೆ ಮಿದುಳಿಗೆ ತೊಂದರೆ ಆಗಬಹುದು. ಆ ಭಾಗದಲ್ಲಿ ಇದ್ದು ಬಂದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೋವಿಡ್‌ಗೆ ಇದು ಉಪಯೋಗಕ್ಕೆ ಬರಲಿಲ್ಲ: ಪ್ರಯೋಗಾಲಯದಲ್ಲಿ ವೈರಸ್ ತಡೆದ ಸಾಂದ್ರತೆ ಮಾಮೂಲಿ ಡೋಸಿನಿಂದ ರಕ್ತದಲ್ಲಿ ಬರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ಕುರಿ ಸಾಕುವವರಿಗೆ ಒಂದು ಮಾತು. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹಿಮಾಂಕಸ್ ಹುಳು ಲೋಕದ ಹಲವೆಡೆ ಈ ಔಷಧಕ್ಕೆ ಬಗ್ಗುತ್ತಿಲ್ಲ. ಕಣ್ಣಳತೆಯಲ್ಲಿ ತೂಕ ಹಿಡಿದು ಕಡಿಮೆ ಕೊಡುವುದು, ಇಡೀ ಹಿಂಡಿಗೆ ಪದೇ ಪದೇ ಇದನ್ನೇ ಕೊಡುವುದು ಇದಕ್ಕೆ ಮುಖ್ಯ ಕಾರಣ. ಹಿಂಡಿನಲ್ಲಿ ಅತಿ ಭಾರದ ಕುರಿಯನ್ನು ತೂಗಿ ಡೋಸ್ ನಿಗದಿ ಮಾಡಿ, ಪಶುವೈದ್ಯರನ್ನು ಕೇಳಿ ಔಷಧದ ಗುಂಪು ಬದಲಿಸಿ. ದನದ ಶೇ. 1ರ ಇಂಜೆಕ್ಷನ್ನಿನ ಒಂದು ಮಿ.ಲೀ.ನಲ್ಲಿ 10 ಮಿಲಿಗ್ರಾಂ ಇರುತ್ತದೆ, 50 ಕೆ.ಜಿ.ಗೆ ಒಂದು ಮಿ.ಲೀ. ಲೆಕ್ಕ. ಹಾಲು ಕರೆಯುವ ಹಸುವಿಗೆ ಹಾಕುವಂತಿಲ್ಲ, ಔಷಧ ಹಾಲಿಗೆ ಇಳಿಯುತ್ತದೆ. ಆ ಬಾಟಲಿಯ ಮದ್ದನ್ನು ಮನುಷ್ಯರು ಯಾವ ಕಾರಣಕ್ಕೂ ಬಳಸಬಾರದು. ಮಾತ್ರೆ ಬೇಕಾದವರು ಮೈತೂಕ ನೋಡಿಸಿ, ಚೀಟಿ ಬರೆಸಿಕೊಂಡೇ ಕೊಳ್ಳಲಿ.