ಪ್ಲಾನಿಂಗ್ ಪರ್ಮಿಷನ್ ರಿಫ್ಯೂಸ್ ಆಯ್ತು ಅಂತ ತಕ್ಷಣ ಅಪೀಲ್ ಹಾಕಬೇಡಿ

ಇಂಗ್ಲೆಂಡಿನಲ್ಲಿ ಮನೆ ಕೊಂಡು, ಹಿಂದೆ ಒಂದು ರೂಮು ಕಟ್ಟಿಸೋಣ ಅಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮಗೆ ಸುಮಾರು ಒಂದು ವರ್ಷ ಹೋಯಿತು. ಜೊತೆಗೆ ಮೂರು ಸಾವಿರ ಪೌಂಡಿನಷ್ಟು ದುಡ್ಡೂ ಹೋಯಿತು. ನಿಮಗೆ ಹಾಗಾಗುವುದು ಬೇಡ.

ನಮ್ಮದು ಸೆಮಿ ಡಿಟ್ಯಾಚ್ಡ್ ಮನೆ, ಅಂದರೆ ಒಂದು ಕಡೆಯ ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿರುವಂಥದ್ದು. ಮಲಗುವ ಕೋಣೆಗಳೆಲ್ಲ ಮೇಲೆ. ಮಾವನಿಗೆ ಮಂಡಿ ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತುವುದು ಕಷ್ಟ. ಊರಿಂದ ಬಂದಾಗಲೆಲ್ಲ ಹಾಲಿನಲ್ಲಿ ಸೋಫಾ ಮೇಲೆ ಮಲಗುತ್ತಿದ್ದರು. ಅದನ್ನು ನೋಡಲಾಗದೆ, ಹಿಂಭಾಗಕ್ಕೆ ಐದು ಮೀಟರ್ ಎಕ್ಸ್‌ಟೆನ್ಷನ್ ಕಟ್ಟಿಸಲು ಹೊರಟೆವು. ನಕ್ಷೆ ಮಾಡಿಕೊಡುವ ಏಜೆಂಟ್ ಒಬ್ಬರು ಸಿಕ್ಕರು. ಹೇಗೂ ಕಟ್ಟಿಸ್ತೀರಿ, ಮೇಲೂ ಅಷ್ಟೇ ಉದ್ದಕ್ಕೆ ಒಂದು ರೂಮು ಎತ್ತಿಸಿಬಿಡಿ ಅಂದರು. ನಮಗೂ ಆಸೆಯಾಯಿತು. 2024ರ ಸೆಪ್ಟೆಂಬರಿನಲ್ಲಿ 258 ಪೌಂಡ್ ಫೀ ಕಟ್ಟಿ ಪ್ಲಾನಿಂಗ್ ಪರ್ಮಿಷನ್, ಅಂದರೆ ಕಟ್ಟಲು ಅನುಮತಿ, ಕೇಳಿ ಕೌನ್ಸಿಲಿಗೆ (ಊರಿನ ಸ್ಥಳೀಯ ಆಡಳಿತಕ್ಕೆ) ಅರ್ಜಿ ಹಾಕಿದೆವು. ಪರ್ಮಿಷನ್ ಬಂದೇ ಬರುತ್ತೆ ಅನ್ನುವ ಧೈರ್ಯದಲ್ಲಿ ಬಿಲ್ಡರಿಗೆ ಎರಡು ಸಾವಿರ ಮುಂಗಡವನ್ನೂ ಕೊಟ್ಟೆವು. ಅದು ವಾಪಸ್ ಬರಲಿಲ್ಲ.

ನವೆಂಬರಿನಲ್ಲಿ ಕೌನ್ಸಿಲ್ ರಿಫ್ಯೂಸ್ ಮಾಡಿತು. ಪತ್ರದಲ್ಲಿ ಎರಡು ಕಾರಣ ಇತ್ತು. ಪಕ್ಕದ ಮನೆಯ ಕಿಟಕಿಗೆ ಬೆಳಕು ಕಡಿಮೆಯಾಗುತ್ತೆ. ಇರುವ ಮನೆಗೆ ಹೋಲಿಸಿದರೆ ಹೊಸದು ತುಂಬ ದೊಡ್ಡದಾಗಿ ಕಾಣುತ್ತೆ. ನಾವು ಏಜೆಂಟಿಗೆ ಫೋನ್ ಮಾಡಿದೆವು. ಯೋಚನೆ ಬೇಡ, ಅಪೀಲ್ ಹಾಕೋಣ ಅಂದರು. ಅಪೀಲಿಗೆ ಸರ್ಕಾರ ಫೀ ತಗೊಳ್ಳಲ್ಲ, ಅಪೀಲ್ ನೋಡಿ ತೀರ್ಪು ಕೊಡುವ ಇನ್‌ಸ್ಪೆಕ್ಟರ್ ಕೌನ್ಸಿಲಿನವರಲ್ಲ, ಗೆದ್ದರೆ ನಮ್ಮ ಖರ್ಚೂ ಕೌನ್ಸಿಲಿನವರೇ ಕೊಡ್ತಾರೆ ಅಂದರು. ಮೊದಲ ಎರಡು ಮಾತು ನಿಜ. ಮೂರನೆಯದು ಹಾಗಲ್ಲ. ಗೆದ್ದ ಮಾತ್ರಕ್ಕೆ ಖರ್ಚು ಸಿಗುವುದಿಲ್ಲ. ಎದುರಿನವರು ನ್ಯಾಯವಲ್ಲದ ರೀತಿಯಲ್ಲಿ ನಡೆದುಕೊಂಡು, ಅದರಿಂದ ನಮಗೆ ಸುಮ್ನೆ ಖರ್ಚಾಯಿತು ಅಂತ ತೋರಿಸಬೇಕು. ಅಪೀಲ್ ಬರೆದುಕೊಡಲು ಏಜೆಂಟ್ ತಗೊಂಡದ್ದು 900 ಪೌಂಡ್.

ನಮ್ಮಂಥ ಮನೆ ಅರ್ಜಿಗಳಿಗೆ ಅಪೀಲ್ ಹಾಕಲು ಇರುವುದು 12 ವಾರ ಮಾತ್ರ. ಪತ್ರ ಕೈಗೆ ಬಂದ ದಿನದಿಂದಲ್ಲ, ಪತ್ರದ ಮೇಲಿರುವ ತಾರೀಖಿನಿಂದ ಲೆಕ್ಕ. ಏಜೆಂಟ್ ಇವತ್ತು ನಾಳೆ ಅನ್ನುತ್ತಾ ಹನ್ನೊಂದನೇ ವಾರಕ್ಕೆ ತಂದರು. ಗಡಿಬಿಡಿಯಲ್ಲಿ ಕಳಿಸಿದ್ದಾಯಿತು. ಮನೆ ಅಪೀಲಿನಲ್ಲಿ ಹೇಳಬೇಕಾದದ್ದನ್ನೆಲ್ಲ ಅರ್ಜಿಯ ಜೊತೆಗೇ ಕೊಟ್ಟುಬಿಡಬೇಕು. ಆಮೇಲೆ ಇದೊಂದು ಸೇರಿಸಿಕೊಳ್ಳಿ ಅಂದರೆ ಆಗುವುದಿಲ್ಲ.

ನಾವು ಕಳಿಸಿದ್ದೇನು ಗೊತ್ತಾ? ಮಾವನ ಡಾಕ್ಟರ್ ಪತ್ರ, ನಮ್ಮ ಕಷ್ಟ ಹೇಳಿಕೊಂಡ ಎರಡು ಪುಟ, ಮತ್ತೆ ಮೇಲಿನ ರೂಮನ್ನು ಮೂರು ಮೀಟರಿಗೆ ಇಳಿಸಿದ ಹೊಸ ನಕ್ಷೆ. ಹೊಸ ನಕ್ಷೆ ನೋಡಿದರೆ ಒಪ್ಪಿಕೊಳ್ತಾರೆ ಅಂತ ಏಜೆಂಟ್ ಭರವಸೆ ಕೊಟ್ಟಿದ್ದರು. ನಾವು ಮುಳುಗಿದ್ದೇ ಇಲ್ಲಿ. ಕೌನ್ಸಿಲ್ ಯಾವ ನಕ್ಷೆಯನ್ನು ನೋಡಿ ಬೇಡ ಅಂದಿತೋ, ಇನ್‌ಸ್ಪೆಕ್ಟರ್ ತೀರ್ಪು ಕೊಡುವುದು ಅದೇ ನಕ್ಷೆಯ ಮೇಲೆ. ಬದಲಾದ ನಕ್ಷೆಯನ್ನು ಅಕ್ಕಪಕ್ಕದವರು ನೋಡಿಲ್ಲ, ಅವರ ಅಭಿಪ್ರಾಯ ಕೇಳಿಲ್ಲ, ಹಾಗಾಗಿ ಪರಿಗಣಿಸುವುದಿಲ್ಲ ಅಂತ ತೀರ್ಪಿನಲ್ಲಿ ಬರೆದಿತ್ತು. ಯೋಚಿಸಿದರೆ ನ್ಯಾಯವೇ ಅಲ್ವಾ? ಮಾವನ ವಿಷಯಕ್ಕೂ ಒಂದೇ ಪ್ಯಾರಾ. ಮನೆಯಲ್ಲಿರುವವರ ಪರಿಸ್ಥಿತಿ ಬದಲಾಗುತ್ತೆ, ಕಟ್ಟಡ ಮಾತ್ರ ಉಳಿಯುತ್ತೆ ಅನ್ನುವ ಅರ್ಥದಲ್ಲಿತ್ತು. ಅದನ್ನು ಓದಿ ನಾನು ಅತ್ತುಬಿಟ್ಟೆ.

ಇನ್‌ಸ್ಪೆಕ್ಟರ್ ಮನೆ ನೋಡಲು ಬಂದಾಗ ಎಲ್ಲವನ್ನೂ ವಿವರಿಸಿ ಹೇಳಬೇಕು ಅಂತ ಕಾದಿದ್ದೆ. ಅವರು ಜಾಗ ನೋಡಲು ಬರುತ್ತಾರೆ ಅಷ್ಟೇ, ವಾದ ಕೇಳಲು ಅಲ್ಲ. ಅಳತೆ ನೋಡಿದರು, ಬೇಲಿಯ ಆಚೆ ನೋಡಿದರು, ಹೋದರು.

2025ರ ಜುಲೈಯಲ್ಲಿ ಅಪೀಲ್ ಡಿಸ್ಮಿಸ್ ಆಯಿತು. ಮುಂದೆ ಉಳಿದದ್ದು ಹೈಕೋರ್ಟ್. ಅದಕ್ಕೆ ಆರು ವಾರದ ಗಡುವು. ತೀರ್ಪಿನಲ್ಲಿ ಕಾನೂನಿನ ತಪ್ಪಿದ್ದರೆ ಮಾತ್ರ ಅಲ್ಲಿ ಕೇಳುತ್ತಾರೆ. ಅದೇ ಥರದ ನಕ್ಷೆ ಹಿಡಿದು ಮತ್ತೆ ಕೌನ್ಸಿಲಿಗೆ ಹೋದರೆ, ಸೋತ ತೀರ್ಪೂ ನಮ್ಮ ವಿರುದ್ಧ ಲೆಕ್ಕಕ್ಕೆ ಬರುತ್ತೆ.

ಇಷ್ಟಾದ ಮೇಲೆ ಪರಿಚಯದವರೊಬ್ಬರು ಒಂದು ಪ್ರಶ್ನೆ ಕೇಳಿದರು. ಆಫೀಸರ್ ರಿಪೋರ್ಟ್ ಓದಿದ್ರಾ ಅಂತ. ಅಂಥದ್ದೊಂದು ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ರಿಫ್ಯೂಸಲ್ ಪತ್ರದಲ್ಲಿ ಇರುವುದು ಕಾರಣದ ನಾಲ್ಕು ಸಾಲು. ಅರ್ಜಿ ನೋಡಿದ ಕೌನ್ಸಿಲ್ ಆಫೀಸರ್ ಹೇಗೆ ಆ ತೀರ್ಮಾನಕ್ಕೆ ಬಂದರು ಅನ್ನುವುದು ರಿಪೋರ್ಟಿನಲ್ಲಿರುತ್ತೆ. ಅದು ಕೌನ್ಸಿಲ್ ವೆಬ್‌ಸೈಟಿನಲ್ಲಿ ನಮ್ಮ ಅರ್ಜಿಯ ಪುಟದಲ್ಲೇ ನವೆಂಬರಿನಿಂದ ಇತ್ತು. ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು: ಕೆಳಗಿನ ರೂಮಿಗೆ ಆಕ್ಷೇಪ ಇಲ್ಲ, ತೊಂದರೆ ಇರುವುದು ಮೇಲಿನ ಅಂತಸ್ತಿನಿಂದ. ಪಕ್ಕದ ಮನೆ ಕಿಟಕಿಯ ಮಧ್ಯದಿಂದ 45 ಡಿಗ್ರಿಗೆ ಗೆರೆ ಎಳೆದರೆ ನಮ್ಮ ಮೇಲಿನ ಗೋಡೆ ಅದನ್ನು ದಾಟುತ್ತಿತ್ತು. ಹೀಗೆ ಗೆರೆ ಎಳೆದು ನೋಡುವುದು ಎಷ್ಟೋ ಕೌನ್ಸಿಲುಗಳಲ್ಲಿ ರೂಢಿ. ನಕ್ಷೆ ಬರೆಯುವವರಿಗೆ ಇದು ಗೊತ್ತಿರಲೇಬೇಕಿತ್ತು.

ಮಾವನಿಗೆ ಬೇಕಿದ್ದದ್ದು ಕೆಳಗಿನ ರೂಮು. ಅದನ್ನು ಯಾರೂ ಬೇಡ ಅಂದಿರಲೇ ಇಲ್ಲ. ಮೇಲಿನದನ್ನು ಕೈಬಿಟ್ಟು ಆಗಲೇ ಹೊಸ ಅರ್ಜಿ ಹಾಕಿದ್ದರೆ ಆ ಚಳಿಗಾಲದಲ್ಲೇ ಮುಗಿಯುತ್ತಿತ್ತು. ಒಂದು ವರ್ಷದೊಳಗೆ ಎರಡನೇ ಅರ್ಜಿ ಫ್ರೀ, ಅವಸರ ಇಲ್ಲ ಅಂತಲೂ ಏಜೆಂಟ್ ಹೇಳಿದ್ದರು. ಆ ಸೌಲಭ್ಯ ಇಂಗ್ಲೆಂಡಿನಲ್ಲಿ 2023ರ ಡಿಸೆಂಬರಿನಲ್ಲೇ ನಿಂತಿದೆ. ನಾವು ಅಪೀಲಿಗೆ ಕಾಯುತ್ತಿದ್ದಾಗ, 2025ರ ಏಪ್ರಿಲ್ 1ರಿಂದ 258 ಇದ್ದ ಫೀ 528 ಪೌಂಡ್ ಆಯಿತು.

ಕೊನೆಗೆ ನಾವು ಹೋದದ್ದು ಬೇರೆ ದಾರಿ. ಹಿಂದೆ ಒಂದೇ ಅಂತಸ್ತಿನ ಎಕ್ಸ್‌ಟೆನ್ಷನ್ ಆದರೆ, ಎತ್ತರ ಮುಂತಾದ ನಿಯಮಗಳಿಗೆ ಹೊಂದಿಕೊಂಡರೆ, ಸೆಮಿ ಡಿಟ್ಯಾಚ್ಡ್ ಮನೆಗೆ ಮೂರು ಮೀಟರ್ ತನಕ ಪ್ಲಾನಿಂಗ್ ಅರ್ಜಿಯೇ ಬೇಕಿಲ್ಲ. ಆರು ಮೀಟರ್ ತನಕ ಆದರೆ ಕಟ್ಟುವ ಮೊದಲು ಕೌನ್ಸಿಲಿಗೆ ತಿಳಿಸಬೇಕು. ಅವರು ಅಕ್ಕಪಕ್ಕದವರನ್ನು ಕೇಳುತ್ತಾರೆ. 42 ದಿನದೊಳಗೆ ಕೌನ್ಸಿಲ್ ಉತ್ತರ ಕೊಡಬೇಕು. ಅಳತೆ ಹಿಡಿಯುವುದು ಮನೆಯ ಮೂಲ ಗೋಡೆಯಿಂದ, ಹಿಂದಿನ ಮಾಲೀಕರು ಕಟ್ಟಿಸಿದ್ದೂ ಲೆಕ್ಕಕ್ಕೆ ಸೇರುತ್ತೆ. ಕನ್ಸರ್ವೇಷನ್ ಏರಿಯಾದಲ್ಲಿ (ಹಳೆಯ ಸ್ವರೂಪ ಉಳಿಸಲು ಗುರುತಿಸಿದ ಪ್ರದೇಶದಲ್ಲಿ) ಆರು ಮೀಟರಿನ ದಾರಿ ಇಲ್ಲ. ಫ್ಲ್ಯಾಟ್‌ಗಳಿಗೆ ಇದ್ಯಾವುದೂ ಇಲ್ಲ. ಸ್ಕಾಟ್ಲೆಂಡ್, ವೇಲ್ಸಿನ ನಿಯಮಗಳೇ ಬೇರೆ.

ಈ ಸಲ ಅರ್ಜಿ ಕಳಿಸುವ ಮೊದಲು ನಕ್ಷೆ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲಿರುವುದು ವಯಸ್ಸಾದ ಅಮ್ಮ. ಮೊದಲನೇ ಸಲ ಕೌನ್ಸಿಲ್ ಪತ್ರ ಬಂದಾಗಲೇ ಅವರಿಗೆ ವಿಷಯ ಗೊತ್ತಾಗಿದ್ದಂತೆ. ಅಡುಗೆಮನೆಗೆ ಬೆಳಗಿನ ಬಿಸಿಲು ಬಂದರೆ ಸಾಕು, ನನ್ನದೇನೂ ತಕರಾರಿಲ್ಲ ಅಂದರು. ಅವರು ಆಕ್ಷೇಪ ಹಾಕಲಿಲ್ಲ. ಸೆಪ್ಟೆಂಬರಿನಲ್ಲಿ ಒಪ್ಪಿಗೆ ಬಂತು.

ತಳಪಾಯ ತೆಗೆದ ದಿನ ಮಾವನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. ಬಾಗಿಲು ಯಾವ ಕಡೆ ಬರುತ್ತಮ್ಮಾ ಅಂತ ಕೇಳಿದರು.