ಯಾವ ಇಸವಿಗೆ ಬೇಕು? ಮೋರ್ಗನ್ಸ್‌ಗೇಟ್ ಬಳಿಯ ಹಳೆ ಕಾರಿನ ಗ್ಯಾರೇಜು

ಮಂಗಳೂರಿನ ಮೋರ್ಗನ್ಸ್‌ಗೇಟ್‌ನಿಂದ ಹೊಳೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ, ಹಂಚಿನ ಮಾಡಿನ ಹಳೆಯ ಗೋದಾಮಿನೊಳಗೆ, ಹಳೆ ಕಾರುಗಳನ್ನು ಮಾತ್ರ ರಿಪೇರಿ ಮಾಡುವ ಗ್ಯಾರೇಜೊಂದಿದೆ. ಅದಕ್ಕೆ ನಾಮಫಲಕವಿಲ್ಲ. ಗಿರಾಕಿಗಳೆಲ್ಲ ಒಬ್ಬರ ಬಾಯಿಂದ ಒಬ್ಬರು ಕೇಳಿ ಬಂದವರು. ನಾನೂ ಹಾಗೆಯೇ ಹೋದವನು. ನನ್ನ ತಂದೆಯವರು 1969ರಲ್ಲಿ ಕೊಂಡ, ಕಳೆದ ಹದಿನೆಂಟು ವರ್ಷಗಳಿಂದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ತೆಂಗಿನ ಮಡಲಿನಡಿ ನಿಂತಿದ್ದ ಫಿಯೆಟ್ 1100 ಡಿಲೈಟ್ ಕಾರನ್ನು ಅಲ್ಲಿಗೆ ಒಪ್ಪಿಸಿ, ಹನ್ನೊಂದು ತಿಂಗಳ ಬಳಿಕ ಓಡಿಸಿಕೊಂಡು ಬಂದೆ. ಇಂಥದೇ ಕಾರನ್ನು ಮನೆಯಲ್ಲಿಟ್ಟುಕೊಂಡು ಯಾರಿಗೆ ಕೊಡುವುದೆಂದು ಯೋಚಿಸುತ್ತಿರುವವರಿಗೆ ಉಪಯೋಗವಾದೀತೆಂದು ಅಲ್ಲಿನ ಕೆಲಸದ ಬಗ್ಗೆ, ಅಲ್ಲಿ ನನಗಾದ ಕಿರಿಕಿರಿಯ ಬಗ್ಗೆ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಗ್ಯಾರೇಜಿನ ಯಜಮಾನರು ಎಪ್ಪತ್ತರ ಆಸುಪಾಸಿನ ಮೇಸ್ತ್ರಿಗಳು. ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಹೋಗಿ, ಅಲ್ಲಿನ ಟ್ಯಾಕ್ಸಿಗಳ ಗ್ಯಾರೇಜಿನಲ್ಲಿ ಹದಿನಾಲ್ಕು ವರ್ಷ ಫಿಯೆಟ್‌ಗಳನ್ನೇ ಬಿಚ್ಚಿ ಜೋಡಿಸಿ, ಊರಿಗೆ ಮರಳಿದವರು. ಕಾರನ್ನು ಟ್ರಕ್ಕಿನಿಂದ ಇಳಿಸಿದ ದಿನ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಯಾವ ಇಸವಿಗೆ ಬೇಕು ಮಾಸ್ಟ್ರೇ?" ಎಂಬುದಾಗಿತ್ತು. ತಮಾಷೆ ಎಂದುಕೊಂಡು ನಾನು ನಕ್ಕೆ, ಅವರು ನಗಲಿಲ್ಲ.

ಪ್ರಶ್ನೆಯಲ್ಲಿ ಅರ್ಥವಿತ್ತು. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯು 1964ರಿಂದ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಿಸಿದ ಈ ಕಾರೇ 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು, ಆಮೇಲೆ ಕಾಲು ಶತಮಾನ ಅದೇ ಹೆಸರಿನಲ್ಲಿ ಓಡಾಡಿತು. ಮೂಲ ಅಚ್ಚು ಒಂದೇ ಆದ್ದರಿಂದ, ಮಧ್ಯೆ ಯಾವುದಾದರೂ ಭಾಗ ಕೆಟ್ಟರೆ ಆಯಾ ಕಾಲದಲ್ಲಿ ಸಿಕ್ಕಿದ್ದನ್ನು ಹಾಕಿ ಮುಂದೆ ಸಾಗುವುದು ಎಲ್ಲ ಮನೆಗಳಲ್ಲೂ ನಡೆದದ್ದೇ. ನಮ್ಮ ಕಾರಿನ ಮುಂಭಾಗದ ಜಾಲರಿ ಪದ್ಮಿನಿಯದು. ಡೈನಮೊ ಇರಬೇಕಾದಲ್ಲಿ ಆಮೇಲಿನ ಕಾಲದ ಆಲ್ಟರ್ನೇಟರ್ ಕುಳಿತಿತ್ತು. ಸ್ಟೀರಿಂಗ್ ಚಕ್ರ ಎಲ್ಲಿಯದೆಂದು ಮೇಸ್ತ್ರಿಗಳಿಗೂ ಹೇಳಲಾಗಲಿಲ್ಲ. "ಹೊಸತಿನ ಹಾಗೆ ಮಾಡಿಕೊಡಿ" ಎಂದು ಹೇಳುವ ಗಿರಾಕಿಗಳೇ ಹೆಚ್ಚಂತೆ. ಹೊಸತಾಗಿದ್ದಾಗ ಕಾರು ಹೇಗಿತ್ತೆಂದು ಕೇಳಿದರೆ, ಅವರಲ್ಲಿ ಹೆಚ್ಚಿನವರು ತಾವು ಹತ್ತು ವರ್ಷದವರಿದ್ದಾಗ ಕಂಡದ್ದನ್ನು ಹೇಳುತ್ತಾರಂತೆ.

ನಾನೂ ಅದನ್ನೇ ಹೇಳಿದೆ. ನಮ್ಮ ಕಾರು ಕಡುನೀಲಿ. ಅಪ್ಪ ಅದನ್ನು ನೀಲಿಯಾಗಿಯೇ ತಂದದ್ದು. ರಥಬೀದಿಯ ತೇರಿನ ದಿನ ವೆಂಕಟರಮಣ ದೇವಸ್ಥಾನದ ಹತ್ತಿರ ಅದರ ಬಾನೆಟ್ಟಿಗೆ ಒರಗಿ ನಿಂತದ್ದು ನನಗೆ ಚೆನ್ನಾಗಿ ನೆನಪಿದೆ ಎಂದೆ. ಮೇಸ್ತ್ರಿಗಳು ಮರುಮಾತಾಡದೆ ಎಡಬದಿಯ ಹಿಂಬಾಗಿಲಿನ ಅಂಚಿನಲ್ಲಿ ನಾಲ್ಕಾಣೆ ಪಾವಲಿಯಷ್ಟು ಜಾಗವನ್ನು ನೀರು ಹಾಕಿ ಸ್ಯಾಂಡ್ ಪೇಪರಿನಿಂದ ನಿಧಾನಕ್ಕೆ ಉಜ್ಜತೊಡಗಿದರು. ಮೊದಲು ನೀಲಿ ತೆಳುವಾಯಿತು. ಅದರೊಳಗೆ ಬೂದುಬಣ್ಣದ ಪ್ರೈಮರಿನ ಬಳೆಯೊಂದು ಕಾಣಿಸಿತು. ಅದರೊಳಗೆ, ನಟ್ಟನಡುವೆ, ಹಾಲಿನ ಕೆನೆಯಂಥ ಬಿಳಿ. ಉಂಗುರದೊಳಗೆ ಉಂಗುರ. ಕೆನೆಬಿಳಿಯ ಕೆಳಗೆ ಮತ್ತೆ ಪ್ರೈಮರು, ಆಮೇಲೆ ತಗಡು. ಕಂಪನಿಯಿಂದ ಹೊರಬಂದಾಗ ಕಾರಿಗಿದ್ದದ್ದು ಆ ಬಿಳಿ ಬಣ್ಣ.

ಮನೆಗೆ ಹೋಗಿ ಎಂಬತ್ತನಾಲ್ಕರ ಅಮ್ಮನನ್ನು ಕೇಳಿದೆ. ಚಾರ್ಮಾಡಿ ಘಾಟಿಯಲ್ಲಿ ಅಪ್ಪ ಮಳೆಗಾಲದಲ್ಲಿ ಕಾರನ್ನು ತಿರುವಿನ ಕಟ್ಟೆಗೆ ತಾಗಿಸಿದ ಮೇಲೆ ಎಡಬದಿ ಪೂರ್ತಿ ಟಿಂಕರಿಂಗ್ ಮಾಡಿಸಬೇಕಾಯಿತೆಂದೂ, ಆಗ ಹಳೆಯ ಬಣ್ಣಕ್ಕೆ ಹೊಂದುವ ಬಣ್ಣ ಸಿಗದೆ ಇಡೀ ಕಾರಿಗೆ ನೀಲಿ ಹೊಡೆಸಿದರೆಂದೂ, ತನಗೆ ಆ ನೀಲಿ ಒಂದು ದಿನವೂ ಹಿಡಿಸಲಿಲ್ಲವೆಂದೂ ಹೇಳಿದರು. ಟ್ರಂಕಿನ ತಳದಲ್ಲಿದ್ದ ಕಪ್ಪುಬಿಳುಪು ಫೋಟೊದಲ್ಲಿ ಕಾರು ಅಪ್ಪನ ಪಂಚೆಯಷ್ಟೇ ಬೆಳ್ಳಗಿತ್ತು. ನನ್ನ ಮನಸ್ಸಿನಲ್ಲಿದ್ದ ಹೊಚ್ಚಹೊಸ ಕಾರು, ಹಾಗಾದರೆ, ಅಪಘಾತವಾಗಿ ರಿಪೇರಿಯಾದ ಕಾರು. ಒಂದು ವಾರ ನೀಲಿಯೇ ಇರಲೆಂದು ನನ್ನಷ್ಟಕ್ಕೇ ವಾದಿಸಿಕೊಂಡೆ. ಕೊನೆಗೆ 1969ಕ್ಕೆ ಎಂದು ಮೇಸ್ತ್ರಿಗಳಿಗೆ ತಿಳಿಸಿದೆ. ಅವರು ನನ್ನನ್ನು ಕೇಳದೆಯೇ ಡಿಕ್ಕಿಯ ಒಳಗೋಡೆಯ ನೀಲಿಯನ್ನು ಹಾಗೆಯೇ ಬಿಟ್ಟಿದ್ದಾರೆ. ಅದಕ್ಕೆ ಬಿಲ್ಲಿನಲ್ಲಿ ಏನೂ ಕಡಿತವಿಲ್ಲ ಎಂಬುದನ್ನೂ ಹೇಳಬೇಕು.

ಕೆಲಸದ ಗುಣಮಟ್ಟಕ್ಕೆ ಬರುತ್ತೇನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ಉಳಿದ ದಿನಗಳಲ್ಲಿ ಉಪ್ಪುಗಾಳಿ ಬೀಸುವ ಈ ಊರಿನಲ್ಲಿ ಹಳೆ ಕಾರನ್ನು ತಿನ್ನುವುದು ತುಕ್ಕು. ಪರೀಕ್ಷೆಯ ಮೊದಲ ದಿನ ಬಾನೆಟ್ ತೆರೆಯಲೇ ಇಲ್ಲ. ಮೇಸ್ತ್ರಿಗಳು ಕಾರಿನ ಕೆಳಗೆ ಗೋಣಿ ಹಾಸಿ ಮಲಗಿ, ಸಣ್ಣ ಸುತ್ತಿಗೆಯಿಂದ ತಳವನ್ನು ಗೇಣಿಗೊಂದರಂತೆ ತಟ್ಟುತ್ತ ಹೋದರು. ಟಣ್, ಟಣ್ ಎನ್ನುತ್ತಿದ್ದ ಸದ್ದು ಚಾಲಕನ ಪಾದದ ಕೆಳಗೆ ಬಂದಾಗ ಹಸಿ ತೆಂಗಿನಕಾಯಿಗೆ ಬಡಿದಂತೆ ಮಂಕಾಯಿತು. ಮರುಕ್ಷಣ ಸುತ್ತಿಗೆಯ ತುದಿಯೇ ಒಳಗೆ ಹೊಕ್ಕು, ಕೆಂಪು ಪುಡಿ ಅವರ ಎದೆಯ ಮೇಲೆ ಉದುರಿತು. ಅಂಥ ಜಾಗಗಳಿಗೆಲ್ಲ ಸೀಮೆಸುಣ್ಣದ ಗುರುತು ಹಾಕಿ, ನನ್ನನ್ನೂ ಬಗ್ಗಿಸಿ ತೋರಿಸಿದರು. ಪುಟ್ಟಿ ಮೆತ್ತಿ ಮುಚ್ಚುವುದು ಸುಲಭ. ಇಲ್ಲಿ ಹಾಗೆ ಮಾಡಲಿಲ್ಲ. ಕೊಳೆತ ತಗಡನ್ನು ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಬಗ್ಗಿಸಿ ಬೆಸುಗೆ ಹಾಕಿ, ಬೆಸುಗೆಯ ಗೆರೆ ಕಾಣಿಸುವಂತೆಯೇ ಬಿಟ್ಟು ನನಗೆ ತೋರಿಸಿದ ಮೇಲೆ ಅಡಿಬಣ್ಣ ಬಳಿದರು. ಈ ಒಂದು ಕಾರಣಕ್ಕಾಗಿ ನಾನು ಈ ಗ್ಯಾರೇಜನ್ನು ಬೇರೆಯವರಿಗೆ ಹೇಳಬಲ್ಲೆ.

ಎಂಜಿನಿನ ವಿಷಯದಲ್ಲಿ 1969ರ ಹಟವನ್ನು ಅವರೇ ಸಡಿಲಿಸಿದರು, ಸಕಾರಣವಾಗಿ. ಆಗಿನ ಪೆಟ್ರೋಲಿನಲ್ಲಿ ಸೀಸವಿರುತ್ತಿತ್ತು. ಅದು ವಾಲ್ವ್ ಕೂರುವ ಸೀಟಿನ ಮೇಲೆ ತೆಳುವಾಗಿ ಲೇಪಗೊಂಡು ಸವೆತವನ್ನು ತಡೆಯುತ್ತಿತ್ತು. 2000ದಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲೇ ಇರುವುದರಿಂದ ಗಟ್ಟಿ ಲೋಹದ ವಾಲ್ವ್ ಸೀಟುಗಳನ್ನು ಕೂರಿಸಿದರು. ಈಗ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಸೇರುತ್ತಿದ್ದು, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಆದ್ದರಿಂದ ಪೆಟ್ರೋಲ್ ಪೈಪುಗಳನ್ನೂ ಫ್ಯೂಯೆಲ್ ಪಂಪಿನ ಡಯಾಫ್ರಮನ್ನೂ ಅದನ್ನು ತಾಳುವ ಬಗೆಯವಕ್ಕೆ ಬದಲಾಯಿಸಿದರು. ತಿಂಗಳುಗಟ್ಟಲೆ ಕಾರು ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ಬಿಡಬೇಡಿ ಎಂದು ಎರಡು ಬಾರಿ ಹೇಳಿದರು. 1089 ಸಿ.ಸಿ.ಯ ಎಂಜಿನ್ ಈಗ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಎರಡನೆಯ ಸುತ್ತಿಗೇ ಹಿಡಿಯುತ್ತದೆ. ಕೆಲವರು ಇಂಥ ಕಾರುಗಳಿಗೆ ಬೇರೆ ಕಂಪನಿಯ ಎಂಜಿನ್ ಹಾಕಿಸುವುದುಂಟು. ಅದಕ್ಕೆ ಈ ಮೇಸ್ತ್ರಿಗಳು ಒಪ್ಪುವುದಿಲ್ಲ. ಬೇಕಾದವರು ಬೇರೆ ಕಡೆ ಹೋಗಬಹುದು ಎನ್ನುತ್ತಾರೆ.

ಶನಿವಾರ ಸಂಜೆ ಅಲ್ಲಿಗೆ ಹಳೆ ಕಾರಿನ ಯಜಮಾನರು ಐದಾರು ಮಂದಿ ಬಂದು ಸೇರುತ್ತಾರೆ. ಒಬ್ಬರದು ಮಾರ್ಕ್ 2 ಅಂಬಾಸಿಡರ್, ಒಬ್ಬರದು ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ಉಡುಪಿಯಿಂದ ಬರುವವರದು ಜೀಪು. ಗೋಳಿಬಜೆ, ಚಹಾ ಬರುತ್ತದೆ. ಆಮೇಲೆ ಮಾತು ತಪ್ಪದೆ ಆ ಕಾಲಕ್ಕೆ ಹೋಗುತ್ತದೆ. ಹಂಪನಕಟ್ಟೆಯಲ್ಲಿ ಎಲ್ಲಿ ಬೇಕಾದರೂ ಕಾರು ನಿಲ್ಲಿಸಬಹುದಾಗಿತ್ತು. ಉಡುಪಿಯ ತನಕ ಎದುರಿಗೆ ಸಿಗುತ್ತಿದ್ದ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಎದುರಿನ ಕಾರಿನವರು ಕೈ ಎತ್ತಿ ನಮಸ್ಕರಿಸಿಯೇ ಹೋಗುತ್ತಿದ್ದರು. ಇವೆಲ್ಲ ನಿಜವೇ. ಆದರೆ ರಸ್ತೆ ಖಾಲಿಯಿದ್ದದ್ದು ಕಾರು ಸಿಗುತ್ತಿರಲಿಲ್ಲವೆಂದು. 1959ರ ನಿಯಂತ್ರಣ ಆದೇಶದಂತೆ ಕಾರುಗಳ ಹಂಚಿಕೆ ಸರದಿಯ ಪ್ರಕಾರ ನಡೆಯುತ್ತಿತ್ತು. ಬಂದರಿನಲ್ಲಿ ಅಡಿಕೆ ಮಂಡಿಯಿಟ್ಟಿದ್ದ ನನ್ನ ತಂದೆ ಹೆಸರು ಬರೆಸಿ ನಾಲ್ಕು ವರ್ಷ ಕಾದರು. ಕೈಯೆತ್ತಿ ನಮಸ್ಕರಿಸಿದ ಇಬ್ಬರೂ ಆ ಸರದಿಯಲ್ಲಿ ಗೆದ್ದವರು. ಹೆರಾಲ್ಡಿನ ಯಜಮಾನರು ಒಮ್ಮೆ ಆಗಿನ ಜನ, ಆಗಿನ ಗ್ಯಾರೇಜು, ಎಲ್ಲವೂ ಎಷ್ಟು ಚಂದವೆಂದು ಹೇಳುತ್ತಿದ್ದಾಗ ಮೇಸ್ತ್ರಿಗಳು ಕಾರಿನ ಕೆಳಗಿನಿಂದಲೇ, "ಒಳಗೆ ಕೂತವರಿಗೆ ಚಂದವೇ ಮಾರಾಯ್ರೆ. ಹನ್ನೆರಡು ವರ್ಷದ ಹುಡುಗ ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆದು ಅದೇ ಕೈಯಲ್ಲಿ ಅನ್ನ ತಿಂದದ್ದು ಯಾವ ಕಾಲ?" ಎಂದರು. ಯಾರೂ ಉತ್ತರಿಸಲಿಲ್ಲ, ಗೋಳಿಬಜೆಯ ತಟ್ಟೆ ಮತ್ತೊಂದು ಸುತ್ತು ಹೋಯಿತು.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದಾಗ ಆ ಬೈಠಕ್ಕಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಿದವರೂ ಮೇಸ್ತ್ರಿಗಳೇ ಎಂದು ಜೀಪಿನವರು ಹೇಳಿದ್ದುಂಟು.

ಇನ್ನು ನನ್ನ ದೂರುಗಳು. ಏಪ್ರಿಲಿನಲ್ಲಿ ಕಾರು ಒಪ್ಪಿಸಿದಾಗ ನಾಲ್ಕು ತಿಂಗಳು ಎಂದಿದ್ದರು. ಜೂನ್ ಬಂದ ಮೇಲೆ, ಇನ್ನು ಅಕ್ಟೋಬರಿನವರೆಗೆ ಬಣ್ಣದ ಕೆಲಸವಿಲ್ಲ ಎಂದರು. ಕಾರಣ ಸರಿಯಾದದ್ದೇ: ಹಳೆಯ ಬಗೆಯ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣದಲ್ಲಿರುವ ಥಿನ್ನರ್ ಬೇಗನೆ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಹನಿಗಟ್ಟಿ, ಬಣ್ಣ ಬೂಷ್ಟು ಹಿಡಿದಂತೆ ಮಬ್ಬಾಗುತ್ತದೆ. ಆದರೆ ಮಂಗಳೂರಿನಲ್ಲಿ ಜೂನ್ ತಿಂಗಳಲ್ಲಿ ಮಳೆ ಬರುತ್ತದೆಂಬ ಸಂಗತಿ ಏಪ್ರಿಲಿನಲ್ಲಿಯೂ ಗೊತ್ತಿರುವಂಥದೇ ಅಲ್ಲವೇ? ಅಂದಾಜು ವೆಚ್ಚ 1,80,000 ರೂಪಾಯಿ ಎಂದಿದ್ದದ್ದು ಕೊನೆಗೆ 2,65,000 ಆಯಿತು. ತುಕ್ಕು ನಿರೀಕ್ಷೆಗಿಂತ ಹೆಚ್ಚಿತ್ತು, ಒಪ್ಪುತ್ತೇನೆ. ಆದರೆ ಲೆಕ್ಕವೆಲ್ಲ ಸ್ಪಾರ್ಕ್ ಪ್ಲಗ್ಗಿನ ರಟ್ಟಿನ ಡಬ್ಬಿಯ ಹಿಂದೆ ಪೆನ್ಸಿಲಿನಲ್ಲಿದ್ದು, ಯಾವ ತಿಂಗಳು ಯಾವುದಕ್ಕೆ ಎಷ್ಟಾಯಿತೆಂದು ತಿಳಿಯಲು ನಾನು ಮೂರು ಸಲ ಹೋಗಬೇಕಾಯಿತು. ಫೋನ್ ಎತ್ತುವ ಅಭ್ಯಾಸ ಅಲ್ಲಿ ಯಾರಿಗೂ ಇಲ್ಲ.

ಸೀಟಿನ ಕೆಲಸ ನನಗೆ ಮೆಚ್ಚುಗೆಯಾಗಲಿಲ್ಲ. ಮುಂದಿನ ಉದ್ದ ಸೀಟಿನ ಸ್ಪ್ರಿಂಗುಗಳನ್ನು ಚೆನ್ನಾಗಿ ಕಟ್ಟಿದ್ದಾರೆ, ಆದರೆ ಮೇಲಿನ ರೆಕ್ಸಿನ್ ಈಗಿನ ಹೊಳಪಿನದು. ಬಿಸಿಲಲ್ಲಿ ನಿಲ್ಲಿಸಿದರೆ ಹೊಸ ಚಪ್ಪಲಿಯಂಗಡಿಯ ವಾಸನೆ. ಕ್ರೋಮಿಯಂ ಲೇಪಕ್ಕೆ ಹೊರಗೆ ಕಳುಹಿಸಿದ ಎರಡು ಬಂಪರುಗಳಲ್ಲಿ ಹಿಂದಿನದರ ಮೇಲೆ ಸೂಜಿಮೊನೆಯಷ್ಟು ಚುಕ್ಕೆಗಳು ಎದ್ದಿವೆ.

ನೋಂದಣಿಯ ಬಗ್ಗೆ ಅವರು ಕೊಟ್ಟ ಸಲಹೆ ಉಪಯುಕ್ತವಾಗಿತ್ತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇತ್ಯಾದಿಗಳಿಗಷ್ಟೇ ರಸ್ತೆಗಿಳಿಸಬಹುದು. ಸಂಜೆ ಅಮ್ಮನನ್ನು ಕೂರಿಸಿಕೊಂಡು ಕದ್ರಿಗೆ ಹೋಗುವವನಿಗೆ ಅದು ಹೊಂದುವುದಿಲ್ಲ. ಹೀಗಾಗಿ ಐದು ವರ್ಷಕ್ಕೊಮ್ಮೆ ನವೀಕರಿಸುವ ಸಾಮಾನ್ಯ ನೋಂದಣಿಯಲ್ಲೇ ಮುಂದುವರಿದೆ. ಎಂವೈ ಅಕ್ಷರಗಳಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆ ಹಾಗೆಯೇ ಉಳಿಯಿತು.

ಓಡಿಸುವುದು ಸುಲಭವಲ್ಲ. ಗೇರು ಸ್ಟೀರಿಂಗಿನ ಪಕ್ಕದಲ್ಲಿದೆ, ಮೊದಲನೆಯ ಗೇರಿಗೆ ಸಿಂಕ್ರೊ, ಅಂದರೆ ಗೇರು ಸಲೀಸಾಗಿ ಬೀಳುವಂತೆ ವೇಗ ಹೊಂದಿಸುವ ಭಾಗ, ಇಲ್ಲ. ಬಾವುಟಗುಡ್ಡೆಯ ಏರಿನಲ್ಲಿ ಮುಂದಿನ ಬಸ್ಸು ತೀರ ನಿಧಾನವಾಗಿಬಿಟ್ಟರೆ ಡಬಲ್ ಕ್ಲಚ್ ಮಾಡಲು, ಅಂದರೆ ಗೇರು ಬದಲಿಸುವಾಗ ಕ್ಲಚ್ಚನ್ನು ಎರಡು ಸಲ ಒತ್ತಲು, ಗೊತ್ತಿರಬೇಕು. ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಈಗಿನ ಕಾರುಗಳ ಹಿಂದೆ ಹೋಗುವಾಗ ಎರಡರಷ್ಟು ಅಂತರವಿಡುತ್ತೇನೆ. ಮೊದಲ ದಿನ ಮುಂದಿನ ಸೀಟಿನಲ್ಲಿ ಕುಳಿತ ಅಮ್ಮ ತ್ರಿಕೋನ ಕಿಟಕಿಯನ್ನು ತಿರುಗಿಸಿ ಗಾಳಿಯನ್ನು ತನ್ನ ಕಡೆಗೆ ಮಾಡಿಕೊಂಡರು. ಅದು ತಿರುಗುತ್ತದೆಂಬುದು ನನಗೆ ಮರೆತೇ ಹೋಗಿತ್ತು.

ಹೋಗುವವರು ಅಕ್ಟೋಬರಿನಲ್ಲಿ ಕಾರು ಒಪ್ಪಿಸಿ, ಮಳೆಗೆ ಮುಂಚೆ ಬಣ್ಣ ಮುಗಿಯುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಕಾರಿನ ಹಳೆಯ ಫೋಟೊಗಳಿದ್ದರೆ ಮೊದಲ ದಿನವೇ ತೆಗೆದುಕೊಂಡು ಹೋಗಿ, ಕಪ್ಪುಬಿಳುಪಾದರೂ ಸರಿ. ಸೀಟಿನ ಬಟ್ಟೆಯನ್ನು ನೀವೇ ಆರಿಸಿ ಕೊಡಿ. ನನ್ನ ಹಿಂದಿನ ಬಂಪರನ್ನು ಮತ್ತೊಮ್ಮೆ ಲೇಪಕ್ಕೆ ಕಳುಹಿಸುತ್ತೇವೆಂದು ಫೆಬ್ರವರಿಯಲ್ಲಿ ಹೇಳಿದ್ದರು. ನಾಳೆ ಶನಿವಾರ, ಚಹಾ ಕುಡಿಯುವ ನೆಪದಲ್ಲಿ ಹೋಗಿ ಇನ್ನೊಮ್ಮೆ ನೆನಪಿಸಬೇಕು.